ಅನ್ನ ನಮ್ಮದು, ಗಾಳಿ ಎಲ್ಲರದು

(ಮೂಡುಬಿದಿರೆಯ ಭಕ್ತರ ಸಭೆಯಲ್ಲಿ ನೀಡಿದ ಆಶೀರ್ವಚನ)



ಮೂರು ದಿನಗಳಿಂದ ನಾವು ನಿಮ್ಮ ಸೀಮೆಯಲ್ಲಿದ್ದೇವೆ. ಮೊದಲ ದಿನ ಚಾರ್ಮಾಡಿ ಘಾಟಿಯನ್ನಿಳಿದು ಬೆಳ್ತಂಗಡಿಗೆ ಬಂದೆವು. ನಿನ್ನೆ ಬಂಟ್ವಾಳದಲ್ಲಿದ್ದೆವು. ಇಂದು ಸಿದ್ಧಕಟ್ಟೆಯ ದಾರಿಯಾಗಿ ಈ ಮೂಡುಬಿದಿರೆಗೆ ಬಂದಿದ್ದೇವೆ. ಇಲ್ಲಿ ಪ್ರಸಾದತತ್ತ್ವವನ್ನು ಕುರಿತು ಮಾತನಾಡಬೇಕೆಂದು ಸಂಕಲ್ಪಿಸಿಕೊಂಡು ಬಂದವರು ನಾವು. ಆದರೆ ಮೊದಲ ದಿನ ರಾತ್ರಿ ಬೆಳ್ತಂಗಡಿಯಲ್ಲಿ ಹಿರಿಯರೊಬ್ಬರು ಕೇಳಿದ ಪ್ರಶ್ನೆ ನಮ್ಮ ಬೆನ್ನು ಬಿಟ್ಟಿಲ್ಲ. ಆದ್ದರಿಂದ ಇಂದು ಅದನ್ನೇ ನಿಮ್ಮ ಮುಂದಿಡುತ್ತೇವೆ. ಪ್ರಸಾದದ ಮಾತೂ ಅದರಲ್ಲಿಯೇ ಬರುತ್ತದೆ.

ಆ ಹಿರಿಯರು ಕೇಳಿದ್ದು ಇಷ್ಟು: "ಸ್ವಾಮೀಜಿ, ನನ್ನ ತಮ್ಮನ ಮಗ ಬೀಡಿ ಮುಟ್ಟಿದವನಲ್ಲ, ಹೆಂಡ ಮುಟ್ಟಿದವನಲ್ಲ. ನಲವತ್ತಮೂರನೆಯ ವಯಸ್ಸಿಗೆ ಎದೆ ಹಿಡಿದುಕೊಂಡು ಕುಳಿತವನು ಮತ್ತೆ ಏಳಲಿಲ್ಲ. ಇದು ಯಾವ ಕರ್ಮದ ಫಲ?" ನಾವು ಆಗ ಉತ್ತರ ಕೊಡಲಿಲ್ಲ. ಕೊಡಲು ಬಾರದೆ ಸುಮ್ಮನಾದೆವೆಂದು ಅಲ್ಲಿದ್ದವರು ತಿಳಿದಿರಬಹುದು. ಕಾರಣ ಬೇರೆ ಇತ್ತು. ಅದನ್ನು ಮುಂದೆ ಹೇಳುತ್ತೇವೆ.

ಈ ಪ್ರಶ್ನೆ ಹೊಸದಲ್ಲ. ಚರಕಸಂಹಿತೆಯ ವಿಮಾನಸ್ಥಾನದ ಮೂರನೆಯ ಅಧ್ಯಾಯದಲ್ಲಿ ಇದೇ ಪ್ರಶ್ನೆ ಬರುತ್ತದೆ. ಬೇಸಗೆಯ ಒಂದು ದಿನ ಕಾಂಪಿಲ್ಯದ ಬಳಿ ಗಂಗಾತೀರದ ಕಾಡಿನಲ್ಲಿ ಪುನರ್ವಸು ಆತ್ರೇಯರು ಶಿಷ್ಯರೊಡನೆ ಸಂಚರಿಸುತ್ತಿದ್ದಾರೆ. ಅಗ್ನಿವೇಶನೆಂಬ ಶಿಷ್ಯ ಕೇಳುತ್ತಾನೆ: ಜನರ ಪ್ರಕೃತಿ ಬೇರೆ, ಆಹಾರ ಬೇರೆ, ಬಲ ಬೇರೆ, ವಯಸ್ಸು ಬೇರೆ, ಹೀಗಿರುವಾಗ ಒಂದು ನಾಡಿಗೆ ನಾಡೇ ಒಂದೇ ವ್ಯಾಧಿಯಿಂದ ಹೇಗೆ ನಾಶವಾಗುತ್ತದೆ? ಗುರುಗಳು ಕೊಟ್ಟ ಉತ್ತರದ ಭಾವ ಇದು: ಆ ಎಲ್ಲವೂ ಬೇರೆಯಾದರೂ ನಾಲ್ಕು ಸಂಗತಿಗಳು ಎಲ್ಲರಿಗೂ ಸಮಾನ. ವಾಯು, ಉದಕ, ದೇಶ, ಕಾಲ. ಇವು ಕೆಟ್ಟರೆ ಉಣ್ಣುವವನೂ ಉಪವಾಸವಿರುವವನೂ ಒಟ್ಟಿಗೆ ಕೆಡುತ್ತಾರೆ. ಕೆಟ್ಟ ವಾಯುವಿನ ಲಕ್ಷಣಗಳನ್ನು ಹೇಳುವಾಗ ಅಲ್ಲಿ ಧೂಳು, ಹೊಗೆ, ಮರಳು, ದುರ್ಗಂಧಗಳನ್ನೂ ಸೇರಿಸಿದ್ದಾರೆ. ಆಗ ಮೋಟಾರು ಗಾಡಿಯಿರಲಿಲ್ಲ, ಕಾರ್ಖಾನೆಯಿರಲಿಲ್ಲ. ಆದರೂ ಅವರ ಕಣ್ಣಿಗೆ ಅದು ಬಿದ್ದಿತ್ತು. ನಮ್ಮ ಹಿಂದಿನವರಿಗೆ ಎಲ್ಲವೂ ತಿಳಿದಿತ್ತೆಂದು ಹೇಳಿ ಚಪ್ಪಾಳೆ ಗಿಟ್ಟಿಸುವ ಆಸೆ ನಮಗಿಲ್ಲ. ಗಾಳಿಯೊಳಗಿನ ಕಣ ರಕ್ತನಾಳದಲ್ಲಿ ಏನು ಮಾಡುತ್ತದೆಂಬುದು ಅವರಿಗೆ ತಿಳಿದಿರಲಿಲ್ಲ. ಅದನ್ನು ಕಂಡುಹಿಡಿದವರು ಇಂದಿನ ವೈದ್ಯರು. ಆದರೆ ಅನ್ನ ಅವರವರದು, ಗಾಳಿ ಎಲ್ಲರದು ಎಂಬ ವಿವೇಕವಿದೆಯಲ್ಲ, ಅದು ಆ ಗಂಗಾತೀರದ ಮಾತು. ಅದನ್ನು ಹಿಡಿದುಕೊಂಡೇ ಮುಂದೆ ಹೋಗೋಣ.

ಮನುಷ್ಯನು ಒಂದು ನಿಮಿಷಕ್ಕೆ ಸುಮಾರು 15 ಸಲ ಉಸಿರಾಡುತ್ತಾನೆ. ಹಾಗಾದರೆ ಹಗಲಿರುಳಿಗೆ ಎಷ್ಟಾಯಿತು? 21,600. ಯೋಗಶಾಸ್ತ್ರದವರು ಅಜಪಾಜಪದಲ್ಲಿ ಹೇಳುವ ಸಂಖ್ಯೆಯೂ ಇದೇ. ಒಂದು ಉಸಿರಿಗೆ ಅರ್ಧ ಲೀಟರಿನಂತೆ ಲೆಕ್ಕ ಹಿಡಿದರೆ ದಿನಕ್ಕೆ ಹತ್ತು ಸಾವಿರ ಲೀಟರಿಗೂ ಮಿಕ್ಕಿ ಗಾಳಿ ಒಳಗೆ ಹೋಗುತ್ತದೆ. ತೂಗಿ ನೋಡಿದರೆ ಅದು ಹನ್ನೆರಡು ಹದಿಮೂರು ಕಿಲೋ ಆದೀತು. ನೀವು ಉಣ್ಣುವ ಅನ್ನ, ಸಾರು, ಪಲ್ಯ ಎಲ್ಲ ಸೇರಿದರೂ ಅಷ್ಟಾಗುವುದಿಲ್ಲ. ಅನ್ನದಲ್ಲಿ ಒಂದು ಕಲ್ಲು ಸಿಕ್ಕಿದರೆ ಮನೆಯಾಕೆಯ ಮೇಲೆ ಕಣ್ಣು ಕೆಂಪು ಮಾಡುವವರು, ಈ ಹದಿಮೂರು ಕಿಲೋದಲ್ಲಿ ಏನಿದೆ ಎಂದು ಒಂದು ದಿನವಾದರೂ ಕೇಳಿದ್ದೇವೆಯೇ?

ಅದರಲ್ಲಿ ಇರುವುದು ಧೂಳು, ಹೊಗೆ, ಮಸಿ. ದೊಡ್ಡ ಕಣಗಳು ಮೂಗಿನಲ್ಲಿ, ಗಂಟಲಿನಲ್ಲಿ ನಿಂತು ಸೀನಾಗಿ ಕಫವಾಗಿ ಹೊರಗೆ ಬೀಳುತ್ತವೆ. ಅವು ಅಷ್ಟು ಘಾತಕವಲ್ಲ. ಘಾತಕವಾದವು ಕಣ್ಣಿಗೆ ಕಾಣದವು. ತಲೆಗೂದಲಿನ ದಪ್ಪದ ಇಪ್ಪತ್ತೈದು ಮೂವತ್ತರಲ್ಲಿ ಒಂದು ಪಾಲಿನಷ್ಟು ಅಥವಾ ಅದಕ್ಕಿಂತಲೂ ಸಣ್ಣ ಕಣಗಳು. ವಿಜ್ಞಾನಿಗಳು ಇವನ್ನು ಪಿ.ಎಂ. 2.5 ಎನ್ನುತ್ತಾರೆ. ಸೌದೆಯ ಹೊಗೆ, ಡೀಸೆಲ್ಲಿನ ಹೊಗೆ, ಕಸ ಸುಟ್ಟ ಹೊಗೆ ಇವುಗಳಲ್ಲಿ ಇವೇ ತುಂಬಿರುತ್ತವೆ. ಇವು ಶ್ವಾಸಕೋಶದ ಕಟ್ಟಕಡೆಯ ಗೂಡುಗಳವರೆಗೆ ಹೋಗಿ ಅಲ್ಲಿ ಉರಿಯೂತ ಎಬ್ಬಿಸುತ್ತವೆ. ಆ ಉರಿ ರಕ್ತದಲ್ಲಿ ಮೈಯೆಲ್ಲ ಹರಡುತ್ತದೆ. ರಕ್ತನಾಳಗಳ ಒಳಪದರ ತನ್ನ ನುಣುಪನ್ನು ಕಳೆದುಕೊಳ್ಳುತ್ತದೆ, ನಾಳಗಳು ಬಿಗಿಯುತ್ತವೆ, ರಕ್ತದೊತ್ತಡ ಏರುತ್ತದೆ, ರಕ್ತ ಬೇಗನೆ ಹೆಪ್ಪುಗಟ್ಟುವ ಸ್ವಭಾವ ಪಡೆಯುತ್ತದೆ. ಈಗಾಗಲೇ ಕೊಬ್ಬು ಕಟ್ಟಿಕೊಂಡ ನಾಳವಾಗಿದ್ದರೆ ಆ ಕೊಬ್ಬಿನ ಗಂಟು ಒಡೆದು ದಾರಿಯೇ ಮುಚ್ಚಿಹೋಗಬಹುದು. ಹೊಗೆ ಹೊಕ್ಕದ್ದು ಮೂಗಿನಿಂದ, ಪೆಟ್ಟು ಬಿದ್ದದ್ದು ಹೃದಯಕ್ಕೆ. 2019ನೆಯ ಇಸವಿಯೊಂದರಲ್ಲೇ ನಮ್ಮ ದೇಶದಲ್ಲಿ ವಾಯುಮಾಲಿನ್ಯದಿಂದಾದ ಸಾವುಗಳು ಸುಮಾರು 16.7 ಲಕ್ಷವೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯವರೂ ಸೇರಿ ಮಾಡಿದ ಅಂದಾಜು ಹೇಳುತ್ತದೆ. ಕೆಮ್ಮಿ ಸತ್ತವರು ಮಾತ್ರ ಅದರಲ್ಲಿಲ್ಲ. ಎದೆ ಹಿಡಿದುಕೊಂಡವರೂ ಇದ್ದಾರೆ, ಪಾರ್ಶ್ವವಾಯು ಬಡಿದವರೂ ಇದ್ದಾರೆ.

ಉಪನಿಷತ್ತಿನಲ್ಲಿ ಹೃದಯ ಎಂಬ ಪದವನ್ನು ಮೂರು ಅಕ್ಷರಗಳಾಗಿ ಬಿಡಿಸಿದ್ದಾರೆ: ತರುವುದು, ಕೊಡುವುದು, ಸಾಗುವುದು. ನಾವು ಬಾಲ್ಯದಲ್ಲಿ ಪಾಠಶಾಲೆಯಲ್ಲಿ ಇದನ್ನು ಅಧ್ಯಾತ್ಮಪರವಾಗಿಯೇ ಕಲಿತವರು. ಈಗ ವೈದ್ಯರ ಮಾತು ಕೇಳಿದ ಮೇಲೆ ಇನ್ನೊಂದು ಅರ್ಥವೂ ಹೊಳೆಯುತ್ತದೆ. ತರುವುದು ಯಾವುದನ್ನು? ಗಾಳಿಯ ಸಾರವನ್ನೂ ಅನ್ನದ ಸಾರವನ್ನೂ. ಎರಡೂ ಕೂಡುವ ಜಾಗ ಅದೇ. ಒಂದು ಕೆಟ್ಟರೆ ಇನ್ನೊಂದು ಸ್ವಲ್ಪ ಕಾಲ ತಡೆದುಕೊಂಡೀತು. ಎರಡೂ ಕೆಟ್ಟರೆ?

ಈಗ ನಮ್ಮ ಮಠದ ಮಾತನ್ನು ಹೇಳಬೇಕಾಗಿದೆ. ಹೇಳಲು ಸಂಕೋಚವಿದೆ.

ನಮ್ಮ ದಾಸೋಹದ ಮನೆಯಲ್ಲಿ ಒಬ್ಬರು ಅಡುಗೆಯವರಿದ್ದರು. ಮೂವತ್ತು ವರ್ಷ ಒಲೆಯ ಮುಂದೆ ನಿಂತವರು. ಸಾವಿರ ಜನ ಬಂದರೂ ಮುಖ ಸಿಂಡರಿಸಿದವರಲ್ಲ. ಮೂರು ದೊಡ್ಡ ಒಲೆ, ಹಸಿಸೌದೆ, ಎತ್ತರದಲ್ಲೊಂದು ಸಣ್ಣ ಕಿಟಕಿ. ಮಳೆಗಾಲದಲ್ಲಿ ಒಳಗೆ ಕಾಲಿಟ್ಟವರಿಗೆ ಎದುರಿಗಿದ್ದವರು ಕಾಣುತ್ತಿರಲಿಲ್ಲ. ಎಲ್ಲರ ಪ್ರಸಾದವಾದ ಮೇಲೆ ಮಧ್ಯಾಹ್ನ ಮೂರಕ್ಕೋ ನಾಲ್ಕಕ್ಕೋ ಪಾತ್ರೆಯ ತಳದಲ್ಲಿ ಉಳಿದ ಅನ್ನ, ಮೇಲೊಂದು ಹಿಡಿ ಉಪ್ಪಿನಕಾಯಿ, ಅದೇ ಅವರ ಊಟ. ಪಲ್ಯ ಅಷ್ಟು ಹೊತ್ತಿಗೆ ಉಳಿಯುತ್ತಿರಲಿಲ್ಲ. ಒಂದು ಸಂಜೆ, "ಬುದ್ಧಿ, ಎದೆಯಲ್ಲಿ ಗ್ಯಾಸು ಹಿಡಿದಂಗಾಗೈತೆ" ಎಂದರು. "ಜೀರಿಗೆ ಕಷಾಯ ಕುಡಿದು ಮಲಗಿಕೊಳ್ಳಪ್ಪ" ಎಂದು ಹೇಳಿದವರು ನಾವೇ. ಯಾರೋ ಸೋಡಾ ತಂದುಕೊಟ್ಟರು. ಬೆಳಗಿನ ಜಾವ ಆಸ್ಪತ್ರೆಗೆ ಒಯ್ದಾಗ ಹೊತ್ತು ಮೀರಿತ್ತು. ವೈದ್ಯರು ಕೇಳಿದರು: "ಬೀಡಿ ಸೇದುತ್ತಿದ್ದರೇ?" ಇಲ್ಲವೆಂದೆವು. "ಎಲ್ಲಿ ಕೆಲಸ?" ಮಠದ ಅಡುಗೆಮನೆಯಲ್ಲಿ ಎಂದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಹೊಗೆ ಕುಡಿದೇ ಇದ್ದಾರೆ" ಎಂದರು. ಮಠಕ್ಕೆ ಮರಳಿ ಬಂದು ಆ ಅಡುಗೆಮನೆಯ ಗೋಡೆಯ ಮೇಲೆ ಕೈಯಾಡಿಸಿದೆವು. ಅಂಗೈ ಕಪ್ಪಾಯಿತು. ಮೂವತ್ತು ವರ್ಷ ನಾವು ಉಂಡದ್ದು ಪ್ರಸಾದ. ಅವರು ಉಂಡದ್ದು ಈ ಮಸಿ.

ಬೆಳ್ತಂಗಡಿಯ ಹಿರಿಯರು ಕರ್ಮದ ಮಾತೆತ್ತಿದಾಗ ನಾವೇಕೆ ಸುಮ್ಮನಾದೆವೆಂದು ಈಗ ನಿಮಗೆ ತಿಳಿದಿರಬಹುದು. ಆ ಅಡುಗೆಯವರ ಸಾವನ್ನು ಅವರ ಕರ್ಮಕ್ಕೆ ಹಚ್ಚಲು ನಮಗೆ ಬಾಯಿಲ್ಲ. ಕಿಟಕಿ ಇಡಿಸದ ಕರ್ಮ ನಮ್ಮದು. ಚರಕರ ಆ ಅಧ್ಯಾಯದಲ್ಲಿ ಗಾಳಿ ನೀರು ಕೆಡುವುದಕ್ಕೆ ಮೂಲ ಪ್ರಜ್ಞಾಪರಾಧ ಎಂದಿದೆ. ಬುದ್ಧಿಯ ತಪ್ಪಿನಿಂದ, ತಿಳಿದೂ ತಿಳಿದೂ ಮಾಡುವ ಅಪರಾಧ.

ಮರುದಿನ ಬೆಳಿಗ್ಗೆ ನಾವು ತಂಗಿದ್ದ ಮನೆಯಲ್ಲಿ ಬೇಗನೆ ಎದ್ದೆವು. ಅಡಿಕೆ ತೋಟದ ಮನೆ. ಬಚ್ಚಲಿನಿಂದ ಹೊಗೆ ಬರುತ್ತಿತ್ತು. ಆ ತಾಯಿ ತಾಮ್ರದ ಹಂಡೆಯ ಕೆಳಗೆ ಅಡಿಕೆ ಸೋಗೆ, ತೆಂಗಿನ ಸಿಪ್ಪೆ ತುರುಕಿ ಊದುತ್ತಿದ್ದರು. ಒಳಗೆ ಅನಿಲದ ಒಲೆಯಿದೆ, ಆದರೆ ಕುಚ್ಚಲಕ್ಕಿ ಬೇಯಲು ಹೊತ್ತು ಹಿಡಿಯುತ್ತದೆ, ಸಿಲಿಂಡರು ಬೇಗ ಖಾಲಿಯಾಗುತ್ತದೆಂದು ಅನ್ನಕ್ಕೂ ಸ್ನಾನದ ನೀರಿಗೂ ಸೌದೆಯೇ. ಮಳೆಗಾಲದಲ್ಲಿ ಬೆಂಕಿ ಹತ್ತದಿದ್ದಾಗ ಪ್ಲಾಸ್ಟಿಕ್ ತೊಟ್ಟೆ ಹಚ್ಚುವ ರೂಢಿಯೂ ಇದೆಯಂತೆ. ತಾಯಂದಿರೇ, ಇದನ್ನು ಮಾತ್ರ ಇಂದಿನಿಂದಲೇ ನಿಲ್ಲಿಸಿ. ಪಶ್ಚಿಮಘಟ್ಟದ ತಪ್ಪಲಿನಲ್ಲಿದ್ದೇವೆ, ಮಳೆ ಗಾಳಿಯನ್ನು ತೊಳೆಯುತ್ತದೆ, ದೆಹಲಿಯ ಹೊಗೆ ನಮಗೆಲ್ಲಿಂದ ಬರಬೇಕೆಂದು ನೀವು ಕೇಳಬಹುದು. ಊರಿನ ಗಾಳಿ ಶುದ್ಧವಾಗಿದ್ದರೂ ಬಚ್ಚಲಿನ ಗಾಳಿ ದೆಹಲಿಯಾಗಿರಬಹುದಲ್ಲವೇ? ಇಷ್ಟರ ಕೆಳಗಿದ್ದರೆ ಹೃದಯಕ್ಕೆ ಏನೂ ಆಗುವುದಿಲ್ಲ ಎಂಬ ಗೆರೆಯನ್ನು ವಿಜ್ಞಾನಿಗಳು ಇದುವರೆಗೆ ಕಂಡಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ವರ್ಷದ ಸರಾಸರಿಗೆ ಹಾಕಿದ ಮಿತಿ ಒಂದು ಘನ ಮೀಟರಿಗೆ 5 ಮೈಕ್ರೋಗ್ರಾಂ. ನಮ್ಮ ದೇಶದ ಮಿತಿ 40.

ದೇವರ ಮನೆಯ ಹೊಗೆಯ ಮಾತನ್ನು ಹೇಳಿದರೆ ಕೆಲವರಿಗೆ ಬೇಸರವಾದೀತು. ಊದುಬತ್ತಿ, ಲೋಬಾನಗಳ ಹೊಗೆಯಲ್ಲಿಯೂ ಇದೇ ಸಣ್ಣ ಕಣಗಳಿವೆ. ಭಕ್ತಿಯಿಂದ ಹಚ್ಚಿದ್ದೆಂದು ಶ್ವಾಸಕೋಶ ವಿನಾಯಿತಿ ಕೊಡುವುದಿಲ್ಲ. ಬಾಗಿಲು ತೆರೆದಿಟ್ಟು ಪೂಜೆ ಮಾಡಿ.

ಬಂಟ್ವಾಳದಲ್ಲಿ ನಮ್ಮನ್ನು ಕರೆದೊಯ್ದ ಕಾರಿನ ಚಾಲಕ ಮೂವತ್ತೈದರ ಯುವಕ. ಬಿ.ಸಿ. ರೋಡ್‌ನಿಂದ ಕಲ್ಲಡ್ಕದ ಕಡೆ ಹೋಗುವಾಗ ಹೇಳಿದ: "ಸ್ವಾಮೀಜಿ, ಇಲ್ಲಿ ಮೇಲ್ಸೇತುವೆ ಕಟ್ಟುತ್ತಿದ್ದ ವರ್ಷಗಳಲ್ಲಿ ಬೇಸಗೆಯಲ್ಲಿ ಧೂಳು, ಮಳೆಗಾಲದಲ್ಲಿ ಕೆಸರು. ನಾವು ದಿನಕ್ಕೆ ಹತ್ತು ಸಲ ಅದರಲ್ಲೇ." ನಾವು ಅವನ ಊಟ ವಿಚಾರಿಸಿದೆವು. ಬೆಳಿಗ್ಗೆ ಎರಡು ಬನ್ಸ್, ಚಾ. ಮಧ್ಯಾಹ್ನ ಬಾಡಿಗೆಯಿಲ್ಲದಿದ್ದರೆ ಊಟ, ಇದ್ದರೆ ಗೋಳಿಬಜೆ. ರಾತ್ರಿ ಹತ್ತೂವರೆಗೆ ಮನೆಯಲ್ಲಿ ಗಂಜಿ, ಉಪ್ಪಿನಕಾಯಿ. "ಹಣ್ಣು ತಿನ್ನುವುದು ಯಾವಾಗಪ್ಪಾ?" ಎಂದು ಕೇಳಿದ್ದಕ್ಕೆ ನಕ್ಕ. "ಆಸ್ಪತ್ರೆಯಲ್ಲಿ ಮಲಗಿದಾಗ ಸ್ವಾಮೀಜಿ, ನೋಡಲು ಬಂದವರು ತಂದರೆ."

ಅವನು ನಕ್ಕರೂ ನಮಗೆ ನಗು ಬರಲಿಲ್ಲ. 2025ರ ಮೇ, ಜೂನ್ ತಿಂಗಳುಗಳಲ್ಲಿ ಘಟ್ಟದ ಮೇಲಿನ ಹಾಸನ ಜಿಲ್ಲೆಯಲ್ಲಿ ಹೃದಯಾಘಾತದ ಸಾವುಗಳ ಸುದ್ದಿ ಒಂದರ ಮೇಲೊಂದು ಬಂದು ಜನ ಭೀತರಾದುದು ನಿಮಗೆ ನೆನಪಿರಬಹುದು. ಸರ್ಕಾರ ಜಯದೇವ ಹೃದ್ರೋಗ ಸಂಸ್ಥೆಯ ನಿರ್ದೇಶಕರ ನೇತೃತ್ವದಲ್ಲಿ ಸಮಿತಿ ಮಾಡಿತು. ಯಾವುದೋ ನಿಗೂಢ ಕಾರಣ ಅಲ್ಲಿ ಸಿಗಲಿಲ್ಲ. ಸಿಕ್ಕಿದ್ದು ಹಳೆಯ ಕಾರಣಗಳೇ: ಧೂಮಪಾನ, ಸಕ್ಕರೆ ಕಾಯಿಲೆ, ರಕ್ತದೊತ್ತಡ, ಬೊಜ್ಜು. ಆದರೆ ಸತ್ತವರಲ್ಲಿ ಆಟೋ, ಟ್ಯಾಕ್ಸಿ ಓಡಿಸುವವರು ಗಮನಿಸುವಷ್ಟು ಮಂದಿ ಇದ್ದರು. ದಿನವೆಲ್ಲ ರಸ್ತೆಯ ಹೊಗೆ, ಕುಳಿತೇ ಕೆಲಸ, ಹೊತ್ತಲ್ಲದ ಹೊತ್ತಿನಲ್ಲಿ ಕರಿದ ತಿಂಡಿ. ಎರಡೂ ವಿಷ ಒಂದೇ ಮೈಯಲ್ಲಿ ಕೂಡಿದರೆ ಹೀಗಾಗುತ್ತದೆ. ನಮ್ಮ ಅಡುಗೆಯವರಲ್ಲಿ ಕೂಡಿದ್ದೂ ಇವೇ ಅಲ್ಲವೇ?

ಹಾಗಾದರೆ ಅನ್ನ ಗಾಳಿಯ ವಿಷವನ್ನು ತಡೆಯಬಲ್ಲುದೇ? ಅಮೆರಿಕ ದೇಶದಲ್ಲಿ ಸುಮಾರು 5,48,000 ಜನರನ್ನು 17 ವರ್ಷ ಗಮನಿಸಿ, ಅವರವರ ಊಟವನ್ನೂ ಅವರಿರುವ ಊರಿನ ಗಾಳಿಯನ್ನೂ ಜೋಡಿಸಿ ನೋಡಿದ ಒಂದು ಅಧ್ಯಯನ 2019ರಲ್ಲಿ ಪ್ರಕಟವಾಯಿತು. ತರಕಾರಿ, ಹಣ್ಣು, ಬೇಳೆಕಾಳು, ಇಡಿಧಾನ್ಯ, ಒಳ್ಳೆಯ ಎಣ್ಣೆ ಇರುವ ಊಟವನ್ನು ಅತಿ ಕಡಿಮೆ ಉಂಡವರಲ್ಲಿ, ಗಾಳಿಯ ಸಣ್ಣ ಕಣ 10 ಮೈಕ್ರೋಗ್ರಾಂ ಹೆಚ್ಚಿದಾಗ ಹೃದಯ ರಕ್ತನಾಳಗಳ ರೋಗದ ಸಾವು ನೂರಕ್ಕೆ 17ರಷ್ಟು ಹೆಚ್ಚಿತು. ಅಂಥ ಊಟವನ್ನು ಚೆನ್ನಾಗಿ ಉಂಡವರಲ್ಲಿ ಹೆಚ್ಚಿದ್ದು 5ರಷ್ಟು. ಇಂಥ ಅಧ್ಯಯನ ಸಂಬಂಧವನ್ನು ತೋರಿಸುತ್ತದೆಯೇ ಹೊರತು ಕಾರಣವನ್ನು ಸಿದ್ಧಪಡಿಸುವುದಿಲ್ಲ. ಅಲ್ಲಿಯ ಊಟವೂ ನಮ್ಮದಲ್ಲ. ಆದರೂ ಯುಕ್ತಿಗೆ ಒಪ್ಪುವ ಮಾತು. ಹೊಗೆಯ ಕಣ ನಾಳಗಳಲ್ಲಿ ತುಕ್ಕು ಹಿಡಿಸುವಂಥ ಕೆಲಸ ಮಾಡುತ್ತದೆ. ಸೊಪ್ಪು, ಹಣ್ಣು, ಕಾಳುಗಳಲ್ಲಿ ಆ ತುಕ್ಕನ್ನು ತಡೆಯುವ ಸತ್ತ್ವಗಳಿವೆ. ಅವನ್ನೇ ಗುಳಿಗೆಯಾಗಿ ನುಂಗಿದರೆ ಹೃದಯಕ್ಕೆ ಲಾಭ ಕಂಡಿಲ್ಲವೆಂದು ವೈದ್ಯರು ಪರೀಕ್ಷಿಸಿ ಹೇಳಿದ್ದಾರೆ. ತಟ್ಟೆಯಲ್ಲಿಯೇ ಬರಬೇಕು.

ನಿಮ್ಮ ತಟ್ಟೆಗೆ ಅದನ್ನು ಹುಡುಕಿಕೊಂಡು ಎಲ್ಲಿಗೂ ಹೋಗಬೇಕಾಗಿಲ್ಲ. ಬಸಳೆ, ಹರಿವೆ ಹಿತ್ತಿಲಲ್ಲಿವೆ. ಹುರುಳಿ ಸಾರು, ಹೆಸರು, ಒಂದೆಲಗದ ತಂಬುಳಿ, ಪುನರ್ಪುಳಿ, ನೆಲ್ಲಿಕಾಯಿ, ಪೇರಳೆ, ಬಾಳೆಹಣ್ಣು. ಕುಚ್ಚಲಕ್ಕಿ ಪಾಲಿಶ್ ಮಾಡಿದ ಬಿಳಿ ಅಕ್ಕಿಗಿಂತ ಮೇಲು, ಅದೂ ಕೆಂಪು ಕುಚ್ಚಲಕ್ಕಿಯಾದರೆ ಇನ್ನೂ ಮೇಲು. ದೋಷವಿರುವುದು ಅಕ್ಕಪಕ್ಕದಲ್ಲಿ. ಗಂಜಿಗೆ ಉಪ್ಪಿನಕಾಯಿ, ಉಪ್ಪಿನಲ್ಲಿಟ್ಟ ಮಾವು, ಉಪ್ಪುನೀರಿನ ಹಲಸಿನ ಸೊಳೆ, ಹಪ್ಪಳ. ದಿನಕ್ಕೆ 5 ಗ್ರಾಂ ಉಪ್ಪು, ಅಂದರೆ ಒಂದು ಸಣ್ಣ ಚಮಚ, ಅದರೊಳಗಿರಬೇಕೆನ್ನುತ್ತಾರೆ. ನಾವು ಅದರ ಎರಡರಷ್ಟರ ಹತ್ತಿರ ತಿನ್ನುತ್ತೇವೆ. ಉಪ್ಪು ಒತ್ತಡ ಏರಿಸುತ್ತದೆ, ಹೊಗೆಯೂ ಒತ್ತಡ ಏರಿಸುತ್ತದೆ. ಒಂದೇ ನಾಳವನ್ನು ಎರಡೂ ಕಡೆಯಿಂದ ಹಿಂಡಿದಂತೆ. ಒಂದೇ ಬಾಣಲೆಯ ಎಣ್ಣೆಯನ್ನು ಮೂರು ದಿನ ಕಾಯಿಸಿ ಕರಿದ ಪೋಡಿ, ಗೋಳಿಬಜೆಗಳ ಮಾತು ಬೇರೆ ಹೇಳಬೇಕಾಗಿಲ್ಲ. ತೆಂಗಿನಕಾಯಿ ಬಿಡಿ ಎಂದರೆ ನೀವು ನಮ್ಮನ್ನು ಈ ರಾತ್ರಿಯೇ ಘಾಟಿ ಹತ್ತಿಸುವಿರಿ. ಸಾರಿಗೆ ಅರೆದ ಕಾಯಿಯನ್ನು ಬಿಡಬೇಡಿ. ಆದರೆ ಕೊಬ್ಬರಿ ಎಣ್ಣೆ ಕೆಟ್ಟ ಕೊಬ್ಬನ್ನು ಏರಿಸುತ್ತದೆಂಬುದು ಪರೀಕ್ಷೆಗಳಲ್ಲಿ ಕಂಡಿದೆ, ಅದರ ಕೈ ಬಿಗಿಯಿರಲಿ. ಇಲ್ಲಿಯ ನೆರೆಹೊರೆಯವರು ತಿನ್ನುವ ಬೂತಾಯಿ, ಬಂಗುಡೆಗಳಲ್ಲಿ ಹೃದಯಕ್ಕೆ ಹಿತವಾದ ಕೊಬ್ಬು ಇದೆಯೆಂದು ವೈದ್ಯರು ಹೇಳುತ್ತಾರೆ. ಅದು ನಮ್ಮ ಪಂಕ್ತಿಯ ಮಾತಲ್ಲ; ಇದ್ದ ಸಂಗತಿಯನ್ನು ಮರೆಮಾಚಬಾರದೆಂದು ಹೇಳಿದೆವು.

ಆದರೆ ಆ ಲೆಕ್ಕವನ್ನು ಇನ್ನೊಮ್ಮೆ ನೋಡಿ. ಹದಿನೇಳು ಐದಾಯಿತು; ಸೊನ್ನೆಯಾಗಲಿಲ್ಲ. ಎಷ್ಟು ಸಾತ್ತ್ವಿಕವಾಗಿ ಉಂಡರೂ ಆ ಐದು ಉಳಿಯಿತು. ಆ ಐದು ಯಾರ ತಟ್ಟೆಯಲ್ಲಿಯೂ ಇಲ್ಲ, ಊರ ಗಾಳಿಯಲ್ಲಿದೆ. ಈ ಮೂಡುಬಿದಿರೆ ಜೈನರ ಪುಣ್ಯಸ್ಥಳ. ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯುವ, ಹೊತ್ತು ಮುಳುಗುವ ಮೊದಲೇ ಉಣ್ಣುವ ನಿಯಮವನ್ನು ಶತಮಾನಗಳಿಂದ ಕಾಪಾಡಿಕೊಂಡು ಬಂದವರ ಊರು. ಅಂಥ ಶುಚಿಯುಳ್ಳವರ ಮನೆಯಲ್ಲಿಯೂ ಗಾಳಿಯನ್ನು ಸೋಸುವ ಬಟ್ಟೆಯಿಲ್ಲ. ಪಂಚೆಯ ಸೆರಗನ್ನು ಮೂಗಿಗೆ ಹಿಡಿದರೆ ದೊಡ್ಡ ಧೂಳು ನಿಂತೀತು, ಆ ಸಣ್ಣ ಕಣ ನಿಲ್ಲುವುದಿಲ್ಲ. ಗಾಳಿಯನ್ನು ಅದು ಕೆಡುವ ಜಾಗದಲ್ಲಿಯೇ ಕಾಯಬೇಕು. ರಸ್ತೆ ಕೆಲಸದವರು ಧೂಳಿಗೆ ನೀರು ಹೊಡೆಯದಿದ್ದರೆ ಪಂಚಾಯತಿಗೆ, ಪುರಸಭೆಗೆ ಹತ್ತು ಮಂದಿ ಸೇರಿ ಹೋಗಿ ಕೇಳಿ. ಕಸಕ್ಕೆ ಬೆಂಕಿಯಿಡುವ ನೆರೆಯವನಿಗೆ ಹೇಳಿ. ಬೀಡಿಯ ಹೊಗೆಯಂತೂ ಸೇದುವವನ ಹೆಂಡತಿ ಮಕ್ಕಳ ಎದೆಗೂ ಹೋಗುತ್ತದೆ.

ಇನ್ನೊಂದು ಮಾತು, ನಮ್ಮ ಅಡುಗೆಯವರ ಸಲುವಾಗಿ. ಎದೆಯ ಮೇಲೆ ಭಾರ ಹೇರಿದಂತಾಗಿ, ನೋವು ತೋಳಿಗೋ ದವಡೆಗೋ ಹರಿದು, ಬೆವರು ಬಂದರೆ ಅದನ್ನು ಗ್ಯಾಸು ಎನ್ನಬೇಡಿ. ಹೆಂಗಸರಿಗೆ ನೋವಿಲ್ಲದೆ ಬರಿಯ ಸುಸ್ತು, ಏದುಸಿರು, ವಾಕರಿಕೆಯಾಗಿಯೂ ಬರಬಹುದು. ಸೋಡಾ, ಕಷಾಯಗಳಲ್ಲಿ ಹೊತ್ತು ಕಳೆಯದೆ 108ಕ್ಕೆ ಫೋನು ಮಾಡಿ ಆಸ್ಪತ್ರೆಗೆ ಹೋಗಿ ಇ.ಸಿ.ಜಿ. ಮಾಡಿಸಿ. 2021ರ ಅಕ್ಟೋಬರ್ 29ರಂದು 46ನೆಯ ವಯಸ್ಸಿಗೆ ತೀರಿಹೋದ ಪುನೀತ್ ರಾಜ್‌ಕುಮಾರ್ ಅವರ ಹೆಸರಿನಲ್ಲಿ ಸರ್ಕಾರ ಹೃದಯ ಜ್ಯೋತಿ ಯೋಜನೆಯನ್ನು ಇದಕ್ಕಾಗಿಯೇ ಮಾಡಿದೆ. ಯಾವ ಸ್ವಾಮಿಗಳು ಕಷಾಯ ಕುಡಿ ಎಂದರೂ ಕೇಳಬೇಡಿ. ನಮ್ಮನ್ನೂ ಸೇರಿಸಿಯೇ ಹೇಳುತ್ತಿದ್ದೇವೆ.

ನಮ್ಮ ಮಠದ ಅಡುಗೆಮನೆಗೆ ಈಗ ನಾಲ್ಕು ದೊಡ್ಡ ಕಿಟಕಿಗಳಿವೆ, ಹೊಗೆ ಮೇಲೆ ಹೋಗುವ ಚಿಮಣಿಯಿದೆ, ಅನ್ನ ಸಾರು ಅನಿಲದ ಮೇಲೆ ಆಗುತ್ತವೆ. ಇವೆಲ್ಲ ಹಣದಿಂದ ಆಗುವ ಕೆಲಸ. ಹಣವಿಲ್ಲದೆ ಮಾಡಿದ ಬದಲಾವಣೆ ಒಂದೇ: ಒಲೆಯ ಮುಂದೆ ನಿಂತವರಿಗೆ ಮೊದಲ ಪಂಕ್ತಿ. ಇಂದು ಇಲ್ಲಿಯೂ ಹಾಗೆಯೇ ಮಾಡಬೇಕೆಂದು ಕೇಳಿಕೊಂಡಿದ್ದೇವೆ. ಅಡುಗೆಯವರು ಒಪ್ಪುತ್ತಿಲ್ಲವಂತೆ, ಗುರುಗಳಿಗಿಂತ ಮೊದಲು ಹೇಗೆ ಕೂರುವುದೆಂದು ಹಿಂದೆ ನಿಂತಿದ್ದಾರೆ. ಯಾರಾದರೂ ಹೋಗಿ ಅವರನ್ನು ಕರೆತಂದು ಕೂರಿಸಿ. ಸಾರಿಗೆ ಉಪ್ಪು ಅರ್ಧ ಹಾಕಿರೆಂದು ಹೇಳಿದವರು ನಾವು, ಸಪ್ಪೆಯೆನಿಸಿದರೆ ಅವರನ್ನು ಏನೂ ಅನ್ನಬೇಡಿ. ಅವರು ಎದ್ದ ಮೇಲೆ ನಾವು ನಿಮ್ಮೊಡನೆ ಎರಡನೆಯ ಪಂಕ್ತಿಯಲ್ಲಿ ಕೂರುತ್ತೇವೆ.